ಆರುನೂರು ಗ್ರಾಂ

ಬೈಕಿನ ತೂಕ ಇಳಿಸುವುದು ಎಂದರೆ ಏನೆಂದು ನನಗೆ ಕಲಿಸಿದವರು ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ಮನುಷ್ಯ. ಅವರನ್ನು ನಾನು ಸರ್ ಎಂದು ಕರೆಯುತ್ತಿದ್ದೆ. ಈಗಲೂ ನೆನಪಿನಲ್ಲಿ ಹಾಗೇ ಕರೆಯುತ್ತೇನೆ. ಆ ಕರೆಯಲ್ಲಿ ಗೌರವವೇನೂ ಉಳಿದಿಲ್ಲ, ನಾಲಿಗೆಯ ಅಭ್ಯಾಸ ಉಳಿದಿದೆ.

ನಾನು ರಾಣೆಬೆನ್ನೂರಿನ ಕಡೆಯವನು. ತೊಂಬತ್ತರ ದಶಕದ ಕೊನೆಯಲ್ಲಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆಗಿ ಸೇರಿದ್ದೆ. ಬಿಟಿಎಂ ಲೇಔಟಿನಲ್ಲಿ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ. ವಾರವಿಡೀ ನೂರಾರು ಯಂತ್ರಗಳ ಸದ್ದಿನಲ್ಲಿ ಕಳೆದು, ಭಾನುವಾರ ಎಲ್ಲಾದರೂ ಬೇರೆ ಸದ್ದು ಕೇಳಬೇಕೆನಿಸಿದಾಗ ಕೋಣನಕುಂಟೆಯ ಆಚೆ ಕಲ್ಲುಕ್ವಾರಿಯ ಪಕ್ಕದ ಬಯಲಿಗೆ ಹೋಗುತ್ತಿದ್ದೆ. ಅಲ್ಲಿ ಆಗಾಗ ಮಣ್ಣಿನ ರೇಸು ನಡೆಯುತ್ತಿತ್ತು. ಎರಡು ಸ್ಟ್ರೋಕಿನ ಸಣ್ಣ ಬೈಕುಗಳನ್ನು ಬಿಚ್ಚಿ, ಕೊಯ್ದು, ಹಗುರ ಮಾಡಿ ಜನ ಗುಡ್ಡ ಹಾರಿಸುತ್ತಿದ್ದರು.

ಅಂಥ ಒಂದು ಭಾನುವಾರ ಒಬ್ಬರ ಬೈಕಿನ ಕಾಲಿಡುವ ಪೆಡಲು ಬುಡದಲ್ಲೇ ಮುರಿಯಿತು. ನಾನು ಗುಂಪಿನಿಂದ ಮುಂದೆ ಹೋಗಿ, ಬೇಲಿಯ ಕಬ್ಬಿಣದ ತುಂಡನ್ನು ತಂತಿಯಿಂದ ಬಿಗಿದು ಇನ್ನೊಂದು ಸುತ್ತು ಓಡುವಂತೆ ಮಾಡಿಕೊಟ್ಟೆ. ಬೈಕು ಸುತ್ತು ಮುಗಿಸಿ ಬಂತು. ಅದರ ಯಜಮಾನರು ನನ್ನ ಕೈಗಳನ್ನು ನೋಡಿದರು, ಆಮೇಲೆ ಹೊಟ್ಟೆಯನ್ನು ನೋಡಿದರು.

"ಕೈ ಚೆನ್ನಾಗಿದೆ ಕಣಯ್ಯ. ಮಿಕ್ಕಿದ್ದೆಲ್ಲಾ ಮೂಟೆ" ಎಂದು ನಕ್ಕರು.

ನಾನೂ ನಕ್ಕೆ. ಅಂದಿನಿಂದ ಮೂಟೆ ಎಂಬುದೇ ನನ್ನ ಹೆಸರಾಯಿತು.

ಅವರಿಗೆ ಆಗ ಐವತ್ತು ದಾಟಿತ್ತು. ಸರ್ಕಾರಿ ಕಾರ್ಖಾನೆಯೊಂದರಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಸ್ವಂತ ಮನೆ, ಮನೆಗಿಂತ ದೊಡ್ಡದೆನ್ನುವಂಥ ಗ್ಯಾರೇಜು. ಪ್ರಾಯದಲ್ಲಿ ರೇಸು ಓಡಿಸಿ ಗೆದ್ದವರು, ಬಿದ್ದವರು. ಬಲಮೊಣಕಾಲಿನಲ್ಲಿ ಸ್ಟೀಲಿನ ಕಡ್ಡಿ ಇತ್ತು. ಭಾರದ ಬೈಕು ಒಂದು ಕಡೆ ವಾಲಿದರೆ ಆ ಕಾಲು ತಡೆಯುತ್ತಿರಲಿಲ್ಲ. ಆದರೂ ಹಿಮಾಲಯದ ಸ್ಪಿತಿ ಕಣಿವೆಗೆ ಇಲ್ಲಿಂದಲೇ ಬೈಕು ಓಡಿಸಿಕೊಂಡು ಹೋಗಬೇಕೆಂಬ ಹಟ ಅವರಿಗಿತ್ತು.

"ದೊಡ್ಡ ಗಾಡಿ ತಗೊಂಡು ಹೋಗೋರು ಹೋಗ್ಲಿ. ಅದು ಬಿದ್ರೆ ಎತ್ತೋಕೆ ಮೂರು ಜನ ಬೇಕು. ನಮ್ಮ ಗಾಡೀನ ನಾನೊಬ್ಬನೇ ಎತ್ತಬೇಕು. ಅಷ್ಟೇ ನನ್ನ ಸಿದ್ಧಾಂತ" ಎಂದರು ಮೊದಲ ಸಲ ಗ್ಯಾರೇಜಿಗೆ ಹೋದಾಗ. ಅಲ್ಲಿ ಅವರ ಹಳೆಯ ರೇಸ್ ಬೈಕುಗಳು ಎರಡಿದ್ದವು. "ಒಂದು ನನಗೆ, ಇನ್ನೊಂದು ನಿನಗೆ. ನೀನೇ ರೆಡಿ ಮಾಡು, ನೀನೇ ಓಡಿಸು. ಬರ್ತೀಯಾ?"

"ಬರ್ತೀನ್ರಿ ಸರ್" ಎಂದೆ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಎಲ್ಲಿಗೂ ಕರೆದಿರಲಿಲ್ಲ. ಕಾರ್ಖಾನೆಯವರು ರಿಪೇರಿಗೆ ಕರೆಯುತ್ತಿದ್ದರು, ಊರಿನವರು ಮದುವೆಗೆ ಕರೆಯುತ್ತಿದ್ದರು, ಅಷ್ಟೇ.

ರೇಸಿನ ಬೈಕಿನ ಆಯುಸ್ಸು ಒಂದು ಸಲಕ್ಕೆ ಅರ್ಧ ತಾಸು. ಅಷ್ಟರೊಳಗೆ ಗೆಲ್ಲಬೇಕು ಅಥವಾ ಕೆಡಬೇಕು. ಅದಕ್ಕೆ ಹೆಡ್‌ಲೈಟಿಲ್ಲ, ಕೂರುವ ಸೀಟು ಹಲಗೆಯಂತಿರುತ್ತದೆ, ಟ್ಯಾಂಕಿನಲ್ಲಿ ಕೊಳ್ಳೇಗಾಲ ತಲುಪುವಷ್ಟು ಪೆಟ್ರೋಲು ಹಿಡಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂಬದಿಯ ಫ್ರೇಮು ಎಂಬುದೇ ಇರುವುದಿಲ್ಲ. ತೂಕ ಕಡಿಮೆ ಮಾಡಲು ಅದನ್ನು ಮೊದಲೇ ಕೊಯ್ದು ಬಿಸಾಡಿರುತ್ತಾರೆ. ಇಂಥ ಗಾಡಿಯ ಮೇಲೆ ತಿಂಗಳಿಗಾಗುವಷ್ಟು ಸಾಮಾನು ಹೇರಿ ದೇಶದ ಆ ತುದಿಗೆ ಹೋಗುವಂತೆ ಮಾಡಬೇಕಿತ್ತು, ಅದೂ ಅದರ ಹಗುರತನ ಕೆಡದಂತೆ.

ಆರು ತಿಂಗಳ ಭಾನುವಾರಗಳನ್ನು ನಾನು ಆ ಗ್ಯಾರೇಜಿನಲ್ಲಿ ಕಳೆದೆ. ಗುಜರಿಯಿಂದ ತಂದ ಟ್ಯಾಂಕುಗಳನ್ನು ಪೆಟ್ರೋಲಿನ ವಾಸನೆ ಹೋಗುವವರೆಗೂ ತೊಳೆದು, ಉದ್ದಕ್ಕೆ ಸೀಳಿ, ಎರಡು ಟ್ಯಾಂಕಿನ ಮುಕ್ಕಾಲು ಮುಕ್ಕಾಲು ಸೇರಿಸಿ ಒಂದು ಅಗಲದ ಟ್ಯಾಂಕು ಮಾಡಿದೆ. ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ಅಲ್ಯುಮಿನಿಯಂ ತಗಡು ಕಟ್ಟಿದೆ. ಗುಡ್ಡ ಹತ್ತಲೆಂದು ಹಿಂದಿನ ಚಕ್ರದ ಹಲ್ಲುಗಾಲಿ ದೊಡ್ಡದು ಹಾಕಿದೆ. ಸಾಮಾನಿನ ಚೀಲಗಳನ್ನು ದಪ್ಪ ಕ್ಯಾನ್ವಾಸಿನಲ್ಲಿ ಕತ್ತರಿಸಿ, ಸೂಪರ್‌ವೈಸರ್ ಒಪ್ಪಿಗೆ ಪಡೆದು, ಊಟದ ಬಿಡುವಿನಲ್ಲಿ ಕಾರ್ಖಾನೆಯ ಯಂತ್ರದಲ್ಲೇ ಹೊಲಿದೆ. ಹಿಂಬದಿಗೆ ತೆಳು ಪೈಪು ಬಗ್ಗಿಸಿ ಹೊಸ ಫ್ರೇಮು ಕೂರಿಸಿದೆ. ಹೊಸ ಪೈಪು ಹಳೆಯ ಫ್ರೇಮನ್ನು ಕೂಡುವ ಜಾಗ ಬಲು ನಾಜೂಕು. ಸಾಮಾನೆಲ್ಲ ಹಿಂಚಕ್ರದ ಹಿಂದೆ ತೂಗಾಡುತ್ತಾ ಪ್ರತಿ ಗುಂಡಿಯಲ್ಲೂ ಅಲ್ಲಿಯೇ ಜಗ್ಗುತ್ತದೆ. ಹಾಗಾಗಿ ಎರಡೂ ಮಗ್ಗುಲಿಗೆ ಅಂಗೈಯಗಲದ ತ್ರಿಕೋನದ ಉಕ್ಕಿನ ಪಟ್ಟಿ ಇಟ್ಟು ವೆಲ್ಡ್ ಮಾಡಿದೆ.

ಸರ್ ಕೆಲಸವನ್ನು ಮುಟ್ಟುತ್ತಿರಲಿಲ್ಲ. ತೂಗುತ್ತಿದ್ದರು. ಗ್ಯಾರೇಜಿನ ತೊಲೆಗೆ ಸ್ಪ್ರಿಂಗಿನ ತಕ್ಕಡಿಯೊಂದನ್ನು ನೇತು ಹಾಕಿದ್ದರು, ಹಳೆ ಪೇಪರಿನವರು ಹಿಡಿದುಕೊಂಡು ಬರುತ್ತಾರಲ್ಲ ಅಂಥದ್ದು. ನಾನು ಮಾಡಿದ ಪ್ರತಿ ಭಾಗವೂ ಮೊದಲು ಅದರ ಕೊಕ್ಕೆಗೆ ಹೋಗುತ್ತಿತ್ತು. "ಇಷ್ಟೊಂದಾ?" ಎನ್ನುತ್ತಿದ್ದರು. ನಾನು ಮತ್ತೆ ಅರದಿಂದ ಉಜ್ಜಿ, ತೂತು ಕೊರೆದು ತರುತ್ತಿದ್ದೆ.

"ಇದು ಗಟ್ಟಿ ಇರಬೇಕಾಕ್ಕೈತ್ರಿ ಸರ್" ಎಂದರೆ, "ಐತ್ರಿ, ಐತ್ರಿ" ಎಂದು ಅಣಕಿಸುತ್ತಿದ್ದರು. ಆ ಮನೆಗೆ ಹೋಗಲು ಶುರು ಮಾಡಿದ ಮೂರೇ ತಿಂಗಳಿಗೆ ನಾನು ಬೆಂಗಳೂರಿನವರಂತೆ ಮಾತಾಡುವುದನ್ನು ಕಲಿತೆ.

ಬೈಕುಗಳು ಒಂದು ರೂಪಕ್ಕೆ ಬಂದ ಮೇಲೆ ಅವುಗಳನ್ನು ಇಡಿಯಾಗಿ ತೂಗಬೇಕೆಂದರು. ಅದಕ್ಕೆ ದೊಡ್ಡ ತಕ್ಕಡಿ ಬೇಕು. ನಮ್ಮ ಕಾರ್ಖಾನೆಯ ಗೋಡೌನಿನಲ್ಲಿ ಬಟ್ಟೆಯ ಬೇಲು ತೂಗುವ ಯಂತ್ರವಿತ್ತು. ನಾನೇ ಹೇಳಿದೆ, ನಾನೇ ಸ್ಟೋರಿನವರ ಕೈಕಾಲು ಹಿಡಿದು ಒಪ್ಪಿಸಿದೆ. ಒಂದು ಶನಿವಾರ ಮಧ್ಯಾಹ್ನ ಟೆಂಪೋದಲ್ಲಿ ಬೈಕುಗಳನ್ನು ತಂದೆವು. ಊಟದ ಹೊತ್ತು. ಟೈಲರ್ ಹೆಂಗಸರೆಲ್ಲ ಡಬ್ಬಿ ಹಿಡಿದು ಗೋಡೌನಿನ ಬಾಗಿಲಲ್ಲಿ ನೋಡಲು ನಿಂತಿದ್ದರು. ಅವರ ನಡುವೆ ನನಗೆ ಒಂದಿಷ್ಟು ಮರ್ಯಾದೆ ಇತ್ತು. ಯಂತ್ರ ನಿಂತರೆ ಅಣ್ಣಾ ಎಂದು ಕೂಗಿ ಕರೆಯುತ್ತಿದ್ದರು.

ಎರಡೂ ಬೈಕು ತೊಂಬತ್ತು ಕೆಜಿಯ ಒಳಗೇ ನಿಂತವು. ನನಗೆ ಹಿಗ್ಗಾಯಿತು. ಸರ್ ನನ್ನ ಕಡೆ ತಿರುಗಿದರು.

"ಈಗ ನೀನು ಹತ್ತು."

"ಸರ್?"

"ಹತ್ತಯ್ಯ. ಗಾಡಿ ಮೇಲೆ ಹೋಗೋ ಲಗೇಜೆಲ್ಲಾ ತೂಗಬೇಕಲ್ಲ?"

ನಾನು ಹತ್ತಿದೆ. ಅವರು ಮುಳ್ಳು ನೋಡಿ, ಎಲ್ಲರಿಗೂ ಕೇಳುವಂತೆ ಓದಿದರು. "ತೊಂಬತ್ನಾಕು! ಅಮ್ಮಾ, ನೋಡ್ರಮ್ಮಾ, ಗಾಡಿಗಿಂತ ಡ್ರೈವರೇ ಭಾರ." ಹೆಂಗಸರು ನಕ್ಕರು. ಅವರದ್ದು ಕೆಟ್ಟ ನಗೆಯಲ್ಲ, ಯಾರಾದರೂ ನಗುತ್ತಿದ್ದರು. ಸರ್ ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಶರ್ಟಿನ ಬೆನ್ನ ಮೇಲೆ ಆ ಸಂಖ್ಯೆ ಬರೆದರು. ಬೇಲುಗಳ ಮೇಲೆ ಬರೆಯುತ್ತಾರಲ್ಲ, ಹಾಗೆ. ನಾನು ಶರ್ಟು ಬಿಚ್ಚಿ ಒರೆಸಲಿಲ್ಲ. ಬಿಚ್ಚಿದರೆ ಇನ್ನೂ ನಗುತ್ತಾರೆ ಎನಿಸಿತು. ಆ ಸಂಖ್ಯೆ ಹೊತ್ತುಕೊಂಡೇ ಸಂಜೆಯವರೆಗೆ ಯಂತ್ರಗಳ ಸಾಲಿನಲ್ಲಿ ಕೆಲಸ ಮಾಡಿದೆ.

ಹೊರಡಲು ನಾಲ್ಕು ತಿಂಗಳಿತ್ತು. "ಎಂಬತ್ತೆರಡಕ್ಕೆ ಬಾ. ಇಲ್ಲಾಂದ್ರೆ ಇಲ್ಲೇ ಇರು" ಎಂದರು.

ಅದುವರೆಗೆ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ತಿಂಡಿ ಸಿಗುತ್ತಿತ್ತು. ಅವರ ಹೆಂಡತಿ ದೋಸೆ ಹಾಕಿ ಗ್ಯಾರೇಜಿಗೇ ತಟ್ಟೆ ತಂದುಕೊಡುತ್ತಿದ್ದರು. ಮರುವಾರ ಆಕೆ ತಟ್ಟೆಯನ್ನು ನನ್ನ ಕೈಗಿತ್ತರು. ನಾನು ಇನ್ನೇನು ಒಂದು ತುಣುಕು ಮುರಿಯಬೇಕು, ಸರ್ ಒಳಗಿನಿಂದಲೇ ಕೂಗಿದರು, "ಏಯ್, ಅವನಿಗೆ ಕೊಡಬೇಡ ಕಣೇ. ಮೂಟೆ ಇಳಿಸ್ತಿದೀವಿ."

ಮೇಡಂ ತಟ್ಟೆಯನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ. ಅವರು ಅದನ್ನು ಎಷ್ಟು ಸಲೀಸಾಗಿ ಮಾಡಿದರೆಂದರೆ, ಆ ಮನೆಯಲ್ಲಿ ಅವರ ಕೈಯಿಂದಲೂ ಹಾಗೆ ಏನೇನೋ ವಾಪಸ್ಸು ಹೋಗಿರಬೇಕು ಎಂದು ನನಗೆ ಅನಿಸಿತು. ಮುಂದಿನ ಭಾನುವಾರಗಳಲ್ಲಿ ಸೌತೆಕಾಯಿ ಹೋಳು ಬರುತ್ತಿತ್ತು. ಸರ್ ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತು, ತುಪ್ಪದ ದೋಸೆ ತಿನ್ನುತ್ತಾ, ನಾನು ಸೌತೆಕಾಯಿ ಅಗಿಯುವುದನ್ನು ನೋಡುತ್ತಿದ್ದರು.

ನಾನು ಹಟ ಹಿಡಿದೆ. ಬಿಟಿಎಂನಿಂದ ಬೊಮ್ಮನಹಳ್ಳಿಗೆ ಬಸ್ಸು ಬಿಟ್ಟು ನಡೆಯತೊಡಗಿದೆ. ಬೆಳಿಗ್ಗೆ ಒಂದು ರೊಟ್ಟಿ, ಮಧ್ಯಾಹ್ನ ಮಜ್ಜಿಗೆ, ಸಂಜೆ ಮತ್ತೊಂದು ರೊಟ್ಟಿ. ಹಸಿವೆ ಎಂದರೆ ಹೊಟ್ಟೆಯಲ್ಲಿ ಆಗುವುದೆಂದು ತಿಳಿದಿದ್ದೆ. ಅದು ಕಣ್ಣಿಗೆ ಬರುತ್ತದೆ, ಕೈಗೆ ಬರುತ್ತದೆ. ಒಂದು ದಿನ ಯಂತ್ರದ ಸೂಜಿ ಸರಿಪಡಿಸುತ್ತಿದ್ದಾಗ ತಲೆ ತಿರುಗಿ ಮುಂದಕ್ಕೆ ವಾಲಿದೆ, ಪೆಡಲಿನ ಮೇಲೆ ಮೊಣಕಾಲು ಬಿತ್ತು, ಸೂಜಿ ಹೆಬ್ಬೆರಳಿನ ಉಗುರು ತೂರಿ ಆಚೆ ಬಂತು. ಆ ಭಾನುವಾರ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದಾಗ ಸರ್ ಕೇಳಿದ್ದು ಒಂದೇ, "ಎಷ್ಟಾಯ್ತು ಈಗ?"

"ಎಂಬತ್ತೇಳು ಸರ್."

"ನಿಧಾನ" ಎಂದರು.

ಹೊರಡಲು ಎರಡು ವಾರ ಇದ್ದಾಗ ನಾನು ಎಂಬತ್ತಮೂರಕ್ಕೆ ಬಂದಿದ್ದೆ. ಕಾರ್ಖಾನೆಯಲ್ಲಿ ಒಂದು ತಿಂಗಳ ರಜೆ ಮಂಜೂರಾಗಿತ್ತು. ಊರಿನಿಂದ ಅವ್ವ ದಾರಿಗೆಂದು ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ಕಳಿಸಿದ್ದಳು. ಅದನ್ನು ಹಿಡಿದುಕೊಂಡು ಗ್ಯಾರೇಜಿಗೆ ಹೋದರೆ ನನ್ನ ಬೈಕಿನ ಮೇಲೆ ಬೇರೊಬ್ಬ ಕೂತಿದ್ದ.

ತೆಳ್ಳಗಿನ ಯುವಕ, ಇಪ್ಪತ್ತೈದಿರಬಹುದು. ಬನಶಂಕರಿ ಎರಡನೇ ಸ್ಟೇಜಿನವನು, ಔಷಧಿ ಕಂಪನಿಯೊಂದರ ರೆಪ್. ದಿನವಿಡೀ ಬೈಕಿನಲ್ಲೇ ಡಾಕ್ಟರುಗಳ ಬಾಗಿಲು ಸುತ್ತುವ ಕೆಲಸ. ನಾನು ಒಳಗೆ ಬಂದದ್ದೇ ತಡ ಇಳಿದು ನಿಂತು, "ನಮಸ್ಕಾರ ಅಣ್ಣ. ಸಖತ್ತಾಗಿ ಮಾಡಿದೀರ ಗಾಡೀನ" ಎಂದ.

"ಇವನು ಐವತ್ತೈದು ಕೆಜಿ" ಎಂದರು ಸರ್. ಪರಿಚಯ ಮಾಡಿಸಿದ್ದು ಅಷ್ಟೇ. "ಎರಡನೇ ಗಾಡಿ ಇವನು ಓಡಿಸ್ತಾನೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಸರ್, ನಾ ಹನ್ನೊಂದು ಕೆಜಿ ಇಳಿಸೀನ್ರಿ" ಎಂದೆ. ಆ ಗಳಿಗೆಯಲ್ಲಿ ಊರಿನ ಮಾತೇ ಬಂತು.

"ಇಳಿಸಿದೀಯ. ಒಳ್ಳೇದು, ಹಾರ್ಟ್‌ಗೆ ಒಳ್ಳೇದು. ಆದ್ರೆ ಎಷ್ಟು ಇಳಿಸಿದ್ರೂ ಇವನಷ್ಟು ಆಗ್ತೀಯಾ ಹೇಳು? ಇವನು ಕೂತ್ರೆ ನನ್ನ ಸಾಮಾನೂ ಇವನ ಗಾಡಿ ಮೇಲೆ ಹಾಕ್ಬಹುದು. ನನ್ನ ಮಂಡಿಗೆ ಆರಾಮ." ಆಮೇಲೆ ನನ್ನ ಕೈಯಲ್ಲಿದ್ದ ಕಟ್ಟು ನೋಡಿದರು. "ಏನದು, ರೊಟ್ಟೀನಾ?" ಅದನ್ನು ಎತ್ತಿ ಕೊಕ್ಕೆಗೆ ಹಾಕಿದರು. "ನೋಡು, ತೂಕಾನೇ ಇಲ್ಲ. ಇದು ಬರ್ಲಿ ನಮ್ಮ ಜೊತೆ."

ರೊಟ್ಟಿ ಇಟ್ಟುಕೊಂಡರು.

ಯುವಕ ನನ್ನ ಮುಖ ನೋಡಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಸರ್ ಫೋನ್ ಎತ್ತಲು ಒಳಗೆ ಹೋದಾಗ ನನ್ನ ಹತ್ತಿರ ಬಂದು, "ಅಣ್ಣ, ನೀವು ಹೋಗಬೇಕಿತ್ತಾ? ನನಗೆ ಗೊತ್ತಿರ್ಲಿಲ್ಲ. ನಾನು ಬೇಡ ಅಂತೀನಿ ಬಿಡಿ" ಎಂದ.

ಆಗಲೇ ಹೂಂ ಎಂದುಬಿಟ್ಟಿದ್ದರೆ ಎಲ್ಲ ಬೇರೆ ಆಗುತ್ತಿತ್ತು. ಆದರೆ ನನ್ನ ಮೇಲೆ ಕರುಣೆ ತೋರಿಸುವಷ್ಟು ತೆಳ್ಳಗೆ, ಚೆನ್ನಾಗಿ ಅವನಿದ್ದದ್ದು ನನಗೆ ಸಹಿಸಲಾಗಲಿಲ್ಲ. "ಬೇಡ, ನೀವು ಹೋಗಿ ಬನ್ನಿ" ಎಂದೆ. ಅವತ್ತು ನಾನು ಆ ಗ್ಯಾರೇಜಿನಿಂದ ಎದ್ದು ಬರಬೇಕಿತ್ತು. ಬರಲಿಲ್ಲ. ಕೆಲಸ ಬಾಕಿ ಇತ್ತು.

ಹೊರಡುವ ಹಿಂದಿನ ಭಾನುವಾರ ಸಾಮಾನು ಕಟ್ಟಿ ನೋಡಿದೆವು. ಹತ್ಯಾರಗಳು, ಬಿಡಿ ಚೈನು, ಟ್ಯೂಬುಗಳು, ಟೂ-ಸ್ಟ್ರೋಕ್ ಆಯಿಲಿನ ಡಬ್ಬಗಳು, ಹೆಚ್ಚಿನ ಪೆಟ್ರೋಲಿನ ಕ್ಯಾನು, ಸರ್ ಅವರ ಟೆಂಟು, ಎಲ್ಲವೂ ಎರಡನೇ ಬೈಕಿನ ಬಾಲಕ್ಕೆ ಹೋದವು. ಸರ್ ಬೈಕಿನ ಮೇಲೆ ಅವರ ಬಟ್ಟೆಯ ಒಂದು ಚೀಲ. ಆಮೇಲೆ ಅವರು ಬಗ್ಗಿ ಎರಡನೇ ಬೈಕಿನ ಹಿಂಬದಿ ನೋಡಿದರು.

"ಈ ಪಟ್ಟಿಗಳು ಯಾಕಯ್ಯಾ? ನಿನ್ನ ತೂಕಕ್ಕೆ ಅಂತ ಹಾಕಿದ್ದಲ್ವಾ? ಈಗ ನೀನೇ ಇಲ್ಲ. ತೆಗೆದುಬಿಡು."

"ಸರ್, ಅದು..."

"ನಿನ್ನ ಅಭಿಪ್ರಾಯ ಕೇಳಿದ್ನಾ?"

ಆ ಪಟ್ಟಿಗಳು ನನ್ನ ತೂಕಕ್ಕಾಗಿ ಇಟ್ಟವಲ್ಲ. ಸವಾರ ಎಷ್ಟೇ ಭಾರವಿದ್ದರೂ ಅವನ ತೂಕ ಮುಂದೆ, ಹಳೆಯ ಗಟ್ಟಿ ಫ್ರೇಮಿನ ಮೇಲೆ ಬೀಳುತ್ತದೆ. ಪಟ್ಟಿ ಇದ್ದದ್ದು ಹಿಂದೆ ತೂಗಾಡುವ ಸಾಮಾನಿಗಾಗಿ. ಅವತ್ತು ಸಾಮಾನು ನಾನು ಅಂದುಕೊಂಡಿದ್ದರ ಎರಡು ಪಟ್ಟಾಗಿತ್ತು. ಪಟ್ಟಿ ತೆಗೆದರೆ ಡಾಂಬರು ರಸ್ತೆಯಲ್ಲಿ ತಡೆಯುತ್ತದೆ, ಕಲ್ಲಿನ ದಾರಿ ಶುರುವಾದ ಕೆಲವೇ ದಿನಕ್ಕೆ ಪೈಪು ಬಿರುಕು ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಸಂಶಯವಿರಲಿಲ್ಲ. ಆ ಗ್ಯಾರೇಜಿನಲ್ಲಿ ಅದನ್ನು ತಿಳಿದಿದ್ದವನು ನಾನೊಬ್ಬನೇ.

ಗ್ರೈಂಡರ್ ಹಚ್ಚಿದೆ. ಎರಡೂ ಪಟ್ಟಿ ಕೊಯ್ದೆ. ಸರ್ ಅವನ್ನು ಬಿಸಿ ಆರುವ ಮೊದಲೇ ಇಕ್ಕಳದಿಂದ ಹಿಡಿದು ಕೊಕ್ಕೆಗೆ ಹಾಕಿದರು. "ಆರುನೂರು ಗ್ರಾಂ!" ಎಂದು ಲಾಟರಿ ಹೊಡೆದವರಂತೆ ಹೇಳಿದರು. ನಾನು ಕೊಯ್ದ ಜಾಗವನ್ನು ಉಜ್ಜಿ ನುಣುಪು ಮಾಡಿದೆ. ಕಪ್ಪು ಬಣ್ಣ ಹೊಡೆದೆ. ಅಲ್ಲಿ ಏನಾದರೂ ಇತ್ತೆಂದು ಯಾರಿಗೂ ತಿಳಿಯದಷ್ಟು ಚೆನ್ನಾಗಿ ಹೊಡೆದೆ.

ಹೊರಡುವ ಬೆಳಿಗ್ಗೆ ಮನೆ ಮುಂದೆ ಹತ್ತಿಪ್ಪತ್ತು ಜನ. ಮೇಡಂ ಆರತಿ ಮಾಡಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಸರ್ ಎಲ್ಲರಿಗೂ ಬೈಕು ತೋರಿಸುತ್ತಾ, "ಇದನ್ನೆಲ್ಲಾ ನಾನೇ ಡಿಸೈನ್ ಮಾಡಿದ್ದು. ಕೈಕೆಲಸ ನಮ್ಮ ಮೂಟೇದು" ಎಂದರು. ನಾನು ಕಾಂಪೌಂಡಿಗೆ ಒರಗಿ ನಿಂತಿದ್ದೆ. ಯುವಕ ಹೆಲ್ಮೆಟ್ ಹಾಕಿಕೊಳ್ಳುವ ಮೊದಲು ಗುಂಪು ದಾಟಿ ನನ್ನ ಬಳಿ ಬಂದ.

"ಅಣ್ಣ, ಎಲ್ಲಾ ಗಟ್ಟಿ ಇದೆಯಲ್ವಾ? ಏನಾದ್ರೂ ನೋಡ್ಕೋಬೇಕಾ ನಾನು?"

ಅವನು ನೇರವಾಗಿ ನನ್ನ ಕಣ್ಣಿನಲ್ಲೇ ನೋಡುತ್ತಾ ಕೇಳಿದ. 'ಬಾಲದ ಭಾರ ಇಳಿಸಿಕೊಳ್ಳಿ, ದಿನಾ ಸಂಜೆ ಈ ಕೂಡುವ ಜಾಗ ನೋಡಿ' ಎಂದು ಹೇಳಲು ಉಸಿರೊಂದು ಸಾಕಿತ್ತು.

"ಎಲ್ಲಾ ಗಟ್ಟಿ ಇದೆ" ಎಂದೆ. "ಆಯಿಲ್ ಮಾತ್ರ ನೋಡ್ಕೊಳ್ಳಿ."

"ಥ್ಯಾಂಕ್ಸ್ ಅಣ್ಣ" ಎಂದು ನನ್ನ ಕೈ ಕುಲುಕಿ ಹೋದ.

ರಜೆ ರದ್ದು ಮಾಡಿಸಿ ನಾನು ಮರುದಿನವೇ ಕೆಲಸಕ್ಕೆ ಹೋದೆ. ಆ ದಿನಗಳಲ್ಲಿ ನಾನು ಯಾವುದಕ್ಕಾಗಿ ಕಾಯುತ್ತಿದ್ದೆನೆಂದು ಒಪ್ಪಿಕೊಳ್ಳದೆ ಇದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಯಂತ್ರಗಳ ನಡುವೆ ಕೂತು ಲೆಕ್ಕ ಹಾಕುತ್ತಿದ್ದೆ. ಇವತ್ತು ನಾಗಪುರ ದಾಟಿರಬೇಕು. ಇವತ್ತು ದೆಹಲಿ. ಇನ್ನು ಗುಡ್ಡ ಶುರು. ಇನ್ನು ಕಲ್ಲು ಶುರು. ಕಲ್ಪನೆಯಲ್ಲಿ ಮುರಿಯುತ್ತಿದ್ದದ್ದು ಬೈಕು ಮಾತ್ರ. ಚೀಲಗಳು ದಾರಿಯಲ್ಲಿ ಚೆಲ್ಲಾಪಿಲ್ಲಿ ಬೀಳುತ್ತಿದ್ದವು, ಸರ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಆ ಚಿತ್ರದಲ್ಲಿ ಸವಾರ ಇರುತ್ತಿರಲಿಲ್ಲ. ನಾನು ಅವನನ್ನು ಅಲ್ಲಿಂದ ತೆಗೆದುಹಾಕಿದ್ದೆ.

ಮೂರನೇ ವಾರ ಕಾರ್ಖಾನೆಯ ಆಫೀಸಿಗೆ ಫೋನು ಬಂತು. ಮೇಡಂ.

"ಆ ಹುಡುಗ ಬಿದ್ದಿದಾನಂತೆ ಕಣಪ್ಪ. ಇಳಿಜಾರಲ್ಲಿ ಗಾಡಿ ಹಿಂದ್ಗಡೆ ಮುರಿದು ಚೀಲ ಎಲ್ಲಾ ಚಕ್ರಕ್ಕೆ ಸಿಕ್ಕಾಕೊಂಡ್ತಂತೆ. ತೊಡೆ ಮೂಳೆ ಹೋಗಿದೆ."

ನನಗೆ ಮೊದಲು ಅನಿಸಿದ್ದು ಖುಷಿ. ಅದು ಒಂದು ಕ್ಷಣವೂ ಇರಲಿಲ್ಲ, ಆದರೆ ಮೊದಲು ಬಂದದ್ದು ಅದೇ. ನಾನು ಹೇಳಿದಂತೆಯೇ ಆಯಿತು ಎಂಬ ಖುಷಿ, ಅದೂ ನಾನು ಯಾರಿಗೂ ಹೇಳದೇ ಇದ್ದಾಗ. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

"ಸರ್ ಹೇಗಿದಾರೆ? ಜೊತೇಲೇ ಇದಾರಾ?"

"ಅವರು ಯಾವುದೋ ಲಾರೀಲಿ ಅವನನ್ನ ಮಲಗಿಸಿ ಆಸ್ಪತ್ರೆಗೆ ಕಳಿಸಿದ್ರಂತೆ. ಅವರು ಮುಂದಕ್ಕೆ ಹೋದ್ರು."

ಬಿದ್ದವನು ಮೂರು ತಾಸು ಆ ಇಳಿಜಾರಿನಲ್ಲಿ ಲಾರಿಗಾಗಿ ಕಾದನಂತೆ. ಲಾರಿಯಲ್ಲಿ ಅವನ ಜೊತೆ ಹೋದದ್ದು ಆಲೂಗಡ್ಡೆ ಚೀಲಗಳು. ಭಾಷೆ ಬಾರದ ಊರಿನ ಆಸ್ಪತ್ರೆಯಲ್ಲಿ ಅವನ ತಂದೆ ಬಂದು ತಲುಪುವವರೆಗೆ ಒಬ್ಬನೇ ಮಲಗಿದ್ದ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಸರ್ ತಿಂಗಳ ಕೊನೆಗೆ ವಾಪಸ್ಸು ಬಂದರು. ಮುಖ ಕಪ್ಪಾಗಿತ್ತು, ತುಟಿ ಒಡೆದಿತ್ತು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಒಂದು ಭಾನುವಾರ ಸ್ನೇಹಿತರನ್ನೆಲ್ಲ ಕರೆದು ಫೋಟೋ ತೋರಿಸಿದರು. ನನ್ನನ್ನೂ ಕರೆದಿದ್ದರು. ಹಿಮದ ಬೆಟ್ಟಗಳು, ಗೊಂಪಾ ಎನ್ನುವ ಬೌದ್ಧ ಮಠಗಳು, ತಿರುವಿನಲ್ಲಿ ನಿಂತ ಸರ್. ಯುವಕನಿದ್ದ ಫೋಟೋಗಳು ಒಂದು ಹಂತದವರೆಗೆ ಬಂದವು, ಆಮೇಲೆ ಬರಲಿಲ್ಲ. ಯಾರೋ ಕೇಳಿದರು, "ಆ ಹುಡುಗಂದು ಏನಾಯ್ತು?"

"ಅಯ್ಯೋ ಅದೊಂದು ಕಥೆ" ಎಂದು ನನ್ನ ಕಡೆ ಕೈ ತೋರಿಸಿದರು. "ನಮ್ಮ ಮೂಟೆ ವೆಲ್ಡಿಂಗು ಕೈಕೊಡ್ತು."

ಎದ್ದು ನಿಂತೆ. "ಪಟ್ಟಿ ತೆಗೆಸಿದ್ದು ನೀವು ಸರ್."

ಅವರಿಗೆ ಸಿಟ್ಟು ಬರಲಿಲ್ಲ. ತಾಳ್ಮೆಯಿಂದ, ಮಕ್ಕಳಿಗೆ ಪಾಠ ಹೇಳುವವರಂತೆ ಕೇಳಿದರು, "ತೆಗೆದ ಕೈ ಯಾರದ್ದಯ್ಯ?"

"ನಂದು."

"ತೆಗೆದ್ರೆ ಮುರಿಯುತ್ತೆ ಅಂತ ನಿನಗೆ ಗೊತ್ತಿತ್ತಾ?"

ನಾನು ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯ ಕಡೆ ನೋಡಿದೆ.

"ನನಗೆ ಗೊತ್ತಿರ್ಲಿಲ್ಲ. ನಾನು ಓಡಿಸೋನು. ಮೆಕ್ಯಾನಿಕ್ ನೀನು. ಗೊತ್ತಿದ್ರೆ ಹೇಳ್ಬೇಕಿತ್ತು. ಬೈದ್ರೆ ಬೈಸ್ಕೊಂಡು ಹೇಳ್ಬೇಕಿತ್ತು. ಗೊತ್ತಿರ್ಲಿಲ್ಲ ಅಂದ್ರೆ ನೀನು ಮೆಕ್ಯಾನಿಕ್ಕೇ ಅಲ್ಲ. ಎರಡರಲ್ಲಿ ಯಾವುದು, ನೀನೇ ಹೇಳು."

ಆ ಮನುಷ್ಯ ನನಗೆ ಮಾಡಿದ್ದರಲ್ಲಿ ಅತಿ ಕ್ರೂರವಾದದ್ದು ಇದು, ಏಕೆಂದರೆ ಇದರಲ್ಲಿ ಸುಳ್ಳಿರಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ. ಮತ್ತೆ ಆ ಮನೆಗೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಯುವಕನ ಮನೆ ಹುಡುಕಿಕೊಂಡು ಹೋಗಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು. ಅವನ ತಾಯಿ ಬಾಗಿಲು ತೆರೆದರು. ನಡುಮನೆಯಲ್ಲೇ ಮಂಚ ಹಾಕಿದ್ದರು. ತೊಡೆಯಲ್ಲಿ ರಾಡ್ ಹಾಕಿ ಹೊಲಿದಿದ್ದರು. ಮೂಳೆ ಒಂದಷ್ಟು ಪುಡಿಯಾಗಿ ಹೋಗಿತ್ತಂತೆ, ಎದ್ದು ನಡೆದರೂ ಎಡಗಾಲು ಗಿಡ್ಡ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಂಪನಿಯವರು ಅವನ ಏರಿಯಾವನ್ನು ಆಗಲೇ ಬೇರೊಬ್ಬನಿಗೆ ಕೊಟ್ಟಿದ್ದರು. ಗೋಡೆಯ ಮೂಲೆಗೆ ಒರಗಿಸಿದ ಊರುಗೋಲುಗಳು ಹೊಸವು, ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ.

ನನ್ನನ್ನು ನೋಡಿ ಅವನ ಮುಖ ಅರಳಿತು. "ಬನ್ನಿ ಅಣ್ಣ! ನೀವು ಬೇಜಾರ್ ಮಾಡ್ಕೊಂಡಿದೀರಂತೆ, ಯಾರೋ ಹೇಳಿದ್ರು. ನಿಮ್ದೇನು ತಪ್ಪು? ನಾನು ಬಿದ್ದಲ್ಲಿಂದಾನೇ ನೋಡಿದೆ, ನಿಮ್ಮ ವೆಲ್ಡಿಂಗು ಹಂಗೇ ಇತ್ತು. ಅದರ ಪಕ್ಕದಲ್ಲಿ ಪೈಪು ಹೋಗಿತ್ತು. ರೋಡ್ ಹಂಗಿತ್ತು, ಏನ್ ಮಾಡೋಕಾಗುತ್ತೆ?"

ಒಪ್ಪಿಕೊಂಡು ಎರಡು ಸಮಾಧಾನದ ಮಾತಾಡಿ ಬರಬಹುದಿತ್ತು. ನನಗೆ ಆಗಲಿಲ್ಲ. ಪಟ್ಟಿಗಳ ವಿಷಯ ಹೇಳಿದೆ. ಅವು ಯಾಕೆ ಇದ್ದವು, ಹೇಗೆ ತೆಗೆದೆ, ಹೇಗೆ ಬಣ್ಣ ಹೊಡೆದೆ, ಎಲ್ಲ. ಅವನು ಫ್ಯಾನು ನೋಡುತ್ತಾ ಕೇಳಿಸಿಕೊಂಡ. ನಾನು ನಿಲ್ಲಿಸಿದ ಮೇಲೂ ಅದನ್ನೇ ನೋಡುತ್ತಿದ್ದ.

"ಹೊರಡೋ ದಿನ ನಾನು ನಿಮ್ಮನ್ನ ಕೇಳಿದ್ನಲ್ಲ?"

"ಕೇಳಿದ್ರಿ."

"ಆವಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವನ ತಾಯಿ ಕಾಫಿ ಲೋಟ ಹಿಡಿದು ಬಂದರು. ನಾನು ಕೈ ಚಾಚಿದೆ. "ಅಮ್ಮ, ಅವರಿಗೆ ಬೇಡ. ಹೊರಟ್ರು ಅವರು" ಎಂದ ಯುವಕ. ಆಕೆ ಗೊಂದಲದಿಂದ ಅವನನ್ನೂ ನನ್ನನ್ನೂ ನೋಡಿದರು. ನಾನು ಎದ್ದೆ.

ಬಾಗಿಲ ಬಳಿ ಹೋದಾಗ ಹಿಂದಿನಿಂದ ಅವನ ದನಿ ಬಂತು. ಸಿಟ್ಟಿರಲಿಲ್ಲ, ಆಯಾಸವಿತ್ತು. "ಸಾರ್ ಕಣ್ಣಿಗೆ ನಾನು ಬೀಳ್ಲೇ ಇಲ್ಲ. ಬಿದ್ದಾಗಲೂ ಬೀಳ್ಲಿಲ್ಲ. ಅವರು ಹಂಗೇ ಅಂತ ಸುಮ್ನಾಗ್ಬಹುದು. ನಿಮಗೆ ನಾನು ಕಾಣಿಸ್ತಿದ್ದೆ ಅಣ್ಣ."

ಅಣ್ಣ ಎಂದೇ ಹೇಳಿದ. ಅದಿಲ್ಲದೆ ಹೇಳಿದ್ದರೆ ಇನ್ನಷ್ಟು ಸುಲಭವಾಗುತ್ತಿತ್ತು.

ಕೆಲವು ವರ್ಷದ ಮೇಲೆ ನಾನು ಕಾರ್ಖಾನೆ ಬಿಟ್ಟು ಕೋಣನಕುಂಟೆಯಲ್ಲಿ ಒಂದು ಶೆಡ್ ಹಿಡಿದೆ. ಅಷ್ಟರಲ್ಲಿ ಬೈಕಿನಲ್ಲಿ ದೂರ ಹೋಗುವ ಹುಚ್ಚು ಊರಿಗೆಲ್ಲ ಹಬ್ಬಿತ್ತು. ಬಿಟಿಎಂ, ಜೆ.ಪಿ. ನಗರದ ಆಫೀಸಿನವರು ಲಡಾಖಿಗೆ, ಭೂತಾನಿಗೆ ಹೋಗಲು ಬೈಕು ಮಾರ್ಪಡಿಸಿಕೊಳ್ಳಲು ಬರುತ್ತಿದ್ದರು. ಹಿಂಬದಿಗೆ ನಾನು ಹಾಕುವ ಉಕ್ಕು ಜಾಸ್ತಿಯಾಯಿತೆಂದು ಹಲವರಿಗೆ ಅಸಮಾಧಾನ. "ಸ್ವಲ್ಪ ಹಗುರ ಮಾಡಿ ಅಣ್ಣ, ತೂಕ ಬರುತ್ತೆ" ಎನ್ನುತ್ತಿದ್ದರು. ನಾನು ಅವರಿಗೆ ಬಿಡಿಸಿ ಹೇಳುತ್ತಿದ್ದೆ. ಒಪ್ಪದಿದ್ದರೆ ಗಾಡಿ ವಾಪಸ್ಸು ಕಳಿಸುತ್ತಿದ್ದೆ. ಇದರಿಂದ ನನಗೆ ಒಳ್ಳೆಯವನೆಂಬ ಹೆಸರು ಬಂತು. ಯಾರಾದರೂ ಹಾಗೆಂದಾಗ ನಾನು ಬೇರೆ ಮಾತಿಗೆ ಹೊರಳುತ್ತಿದ್ದೆ.

ಒಂದು ಸಂಜೆ ಬನಶಂಕರಿ ಬಸ್ ಸ್ಟಾಂಡಿನ ಎದುರು ಸಿಗ್ನಲ್ಲಿಗೆ ನಿಂತಿದ್ದಾಗ ಆ ಯುವಕ ಕಂಡ. ಔಷಧಿಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಕೂತು ಮಾಡುವ ಕೆಲಸಕ್ಕೆ ಸೇರಿದ್ದಾನೆಂದು ಕೇಳಿದ್ದೆ. ಸ್ವಲ್ಪ ದಪ್ಪಗಾಗಿದ್ದ. ಎಡಗಾಲಿಗೆ ಎತ್ತರದ ಅಟ್ಟೆಯ ಬೂಟು. ನಾನು ಗಾಡಿ ಪಕ್ಕಕ್ಕೆ ತೆಗೆದು ಅವನ ಮುಂದೆ ನಿಲ್ಲಿಸಿದೆ.

"ಮನೆಗಾ? ಬನ್ನಿ, ಬಿಡ್ತೀನಿ."

ಅವನು ನನ್ನನ್ನು ಗುರುತಿಸಿದ. ಹಿಂದಿನ ಸೀಟನ್ನು ನೋಡಿದ.

"ಬೇಡ, ಬಸ್ ಬರುತ್ತೆ" ಎಂದ.

ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿ ಕಾದೆ, ಯಾಕೆಂದು ಗೊತ್ತಿಲ್ಲ. ಮೊದಲು ಬಂದ ಎರಡು ಬಸ್ಸುಗಳೂ ತುಂಬಿ ತುಳುಕುತ್ತಿದ್ದವು, ಅವನಿಗೆ ಹತ್ತಲಾಗಲಿಲ್ಲ. ಮೂರನೆಯದಕ್ಕೆ ಸರಳು ಹಿಡಿದು, ಬಲಗಾಲನ್ನು ಮೊದಲು ಮೇಲಿಟ್ಟು, ಇನ್ನೊಂದನ್ನು ಕೈಯಿಂದ ಎತ್ತಿಕೊಂಡಂತೆ ಎಳೆದುಕೊಂಡು ಹತ್ತಿದ. ಕಂಡಕ್ಟರ್ ಆಗಲೇ ಸೀಟಿ ಊದಿಯಾಗಿತ್ತು.